ರೋಬೋಟ್ ಕಾದಂಬರಿ ನಮಗ್ಯಾಕ?

ಇವತ್ತಿನ ಮಾತು ರೋಬೋಟ್ ಕಾದಂಬರಿಗಳದ್ದು.

'ರೋಬೋಟ್' ಅನ್ನೋ ಹೆಸರು ಹುಟ್ಟಿದ್ದು ಲ್ಯಾಬಿನಾಗಲ್ಲ, ನಾಟಕದಾಗ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ 'ಆರ್.ಯು.ಆರ್.' ನಾಟಕದಾಗ. ಜೆಕ್ ಭಾಷೆಯಲ್ಲಿ 'ರೊಬೋಟಾ' ಅಂದ್ರ ಬಿಟ್ಟಿ ಚಾಕರಿ.

1954ರಲ್ಲಿ ಐಸಾಕ್ ಅಸಿಮೋವ್ ಅವರ 'ದ ಕೇವ್ಸ್ ಆಫ್ ಸ್ಟೀಲ್' ಪುಸ್ತಕವಾಗಿ ಬಂತು. ಕೊಲೆ ಕೇಸಿನ ಬೆನ್ನು ಹತ್ತಿದ ಪೊಲೀಸ್ ಬೇಲಿಗೆ ಜೋಡಿಯಾಗಿ ಸಿಗೋದು ಥೇಟ್ ಮನುಷ್ಯನಂಗ ಕಾಣೋ ರೋಬೋಟ್, ಡ್ಯಾನೀಲ್. ಆದ್ರ ಬೇಲಿಯ ಆಫೀಸಿನಾಗ ಒಬ್ಬ ಹುಡುಗನ ನೌಕರಿಯನ್ನ ಇನ್ನೊಂದು ರೋಬೋಟ್ ಆಗಲೇ ಕಸಿದಿರ್ತೈತಿ. ಪತ್ತೇದಾರಿಯ ಒಳಗ ಇರೋದು ಹೊಟ್ಟೆಪಾಡಿನ ಹೆದರಿಕೆ.

ಆ ಹೆದರಿಕೆ ನಮಗ ಹೊಸದಲ್ಲ. ದುಡಿಯಾಕ ಗೋವಾ, ಪುಣೆಗೆ ಗುಳೆ ಹೋದ ಮಂದಿ ನಮ್ಮಲ್ಲೂ ಅದಾರ. ಕಬ್ಬು ಕಡಿಯಾಕೂ ಮಶೀನ್ ಬಂದಾವ. ಕಾಯಕಕ್ಕೆ ಘನತೆ ಕೊಟ್ಟ ಬಸವಣ್ಣನವರ ನೆಲ ಇದು. ಮಶೀನೇ ದುಡಿದರ ಮನುಷ್ಯ ಏನ್ ಮಾಡಬೇಕು ಅನ್ನೋದು ನಮ್ಮ ಪ್ರಶ್ನೆನೂ ಹೌದು.

ವಿಜಯಪುರದ ಬಸ್ಸಿನಾಗ ಕೂತಾಗ ಮೊಬೈಲಿನಾಗೇ ಹತ್ತು ಪುಟ ಓದ್ರಿ. ನಿಮ್ಮ ಯಾವ ಕೆಲಸ ರೋಬೋಟ್‌ಗೆ ಕೊಡ್ತೀರಿ, ಯಾವುದನ್ನ ಬಿಟ್ಟುಕೊಡಂಗಿಲ್ಲ? ಯೋಚನೆ ಮಾಡ್ರಿ. ಮತ್ತ ಸಿಗೋಣ.