ನಗುತ್ತಿದ್ದ ಯೋಧ

ಯುದ್ಧದ ಕ್ರೌರ್ಯವನ್ನು ಕಣ್ಣಾರೆ ಕಂಡು ಹಿಂದಿರುಗಿದವರ ಮುಖದಲ್ಲಿ ವಿಷಾದವೇ ನೆಲಸಿರುವುದೆಂದು ನಾವು ಊಹಿಸುವುದು ಸಹಜವಾದರೂ, ಕೊಡಗಿನ ವಿರಾಜಪೇಟೆಯಲ್ಲಿ ಬಾಳಿದ ನಮ್ಮ ಚಿಕ್ಕಜ್ಜನವರನ್ನು ಸ್ಮರಿಸಿದಾಗಲೆಲ್ಲ ಆ ಊಹೆ ಎಷ್ಟು ಅಪೂರ್ಣವೆಂಬುದು ನನಗೆ ವೇದ್ಯವಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಇಂಫಾಲ, ಕೊಹಿಮಾಗಳ ಗಿರಿಶ್ರೇಣಿಗಳಲ್ಲಿ ಜಪಾನೀ ಸೇನೆಯನ್ನು ತಡೆದು ನಿಲ್ಲಿಸಿದ ಸಹಸ್ರಾರು ಭಾರತೀಯ ಸೈನಿಕರಲ್ಲಿ ಅವರೂ ಒಬ್ಬರು. ಆ ಎಡೆಬಿಡದ ಮಳೆ, ಮೊಣಕಾಲುದ್ದದ ಕೆಸರು, ಶತ್ರುವಿನ ಗುಂಡಿಗಿಂತ ಹೆಚ್ಚು ಮಂದಿಯನ್ನು ನೆಲಕ್ಕೆ ಕೆಡವಿದ ಮಲೇರಿಯಾ ಮೊದಲಾದ ರೋಗಗಳು, ಇವೆಲ್ಲವನ್ನೂ ಅನುಭವಿಸಿದ್ದ ಅವರು, ಮಕ್ಕಳಾದ ನಮ್ಮನ್ನು ಸುತ್ತಲೂ ಕೂರಿಸಿಕೊಂಡು ಹೇಳುತ್ತಿದ್ದುದು ಮಾತ್ರ, ಹೊರೆ ಹೊತ್ತು ಗುಡ್ಡವೇರಲೊಲ್ಲದ ಹೇಸರಗತ್ತೆಯೊಂದನ್ನು ಕನ್ನಡದಲ್ಲೇ ಬುದ್ಧಿಹೇಳಿ ಒಲಿಸಿಕೊಂಡ ಕಥೆಯನ್ನು. ಕೊಡಗಿನವರೇ ಆದ ಕಾರ್ಯಪ್ಪನವರು 1949ರಲ್ಲಿ ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಜನವರಿ 15 ಚಿಕ್ಕಜ್ಜನವರಿಗೆ ಮನೆಯ ಹಬ್ಬವೇ ಆಗಿತ್ತು. ಅಂದು ಪದಕಗಳನ್ನು ಧರಿಸಿ, ಬೀದಿಯ ಮಕ್ಕಳಿಗೆಲ್ಲ ಸಿಹಿ ಹಂಚುತ್ತಿದ್ದರು.

ಈ ಉಲ್ಲಾಸ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದಾಗ, "ಮನೆಗೆ ಮರಳದ ಗೆಳೆಯರ ಪಾಲಿನ ನಗುವನ್ನೂ ನಾನೇ ನಗಬೇಕಲ್ಲ, ಮಗೂ" ಎಂದರು. ಶೋಕವನ್ನು ತಮ್ಮೊಳಗೇ ಧರಿಸಿ, ಅದರ ಭಾರವು ಪರರ ಮೇಲೆ ಬೀಳದಂತೆ ನಡೆದುಕೊಂಡ ಆ ಸಂಯಮವನ್ನು ರಣಧೈರ್ಯಕ್ಕಿಂತ ಹಿರಿದಾದುದೆಂದು ನಾನು ಭಾವಿಸುತ್ತೇನೆ. ನಮ್ಮ ಊರುಗಳಲ್ಲಿ ಇಂದಿಗೂ ಇರುವ ವೃದ್ಧ ಯೋಧರನ್ನು ಕಂಡಾಗ, ಕ್ಷಣಕಾಲ ಬಳಿ ಕುಳಿತು ಅವರ ಮಾತಿಗೆ ಕಿವಿಗೊಡುವುದು ನಮ್ಮೆಲ್ಲರ ಕರ್ತವ್ಯ.