ಸೊಟ್ಟ ಜಡೆಯಲ್ಲೇ ಶಾಲೆಗೆ ಹೋಗಲಿ



ಕೆಲಸಕ್ಕೆ ಹೋಗುವ ತಾಯಿ "ಸಾಕಾಗಿದೆ" ಎಂದರೆ ನಾವು ತಕ್ಷಣ ಸಲಹೆ ಕೊಡುತ್ತೇವೆ: ಬೇಗ ಏಳು, ಪಟ್ಟಿ ಮಾಡಿಕೋ, ಧ್ಯಾನ ಮಾಡು. ದಣಿದವಳ ತಲೆಗೆ ಇನ್ನೂ ಮೂರು ಕೆಲಸ ಬಿತ್ತು. ನಾನು ಸಲಹೆಗಿಂತ ಮೊದಲು ಲೆಕ್ಕ ಇಡುತ್ತೇನೆ. ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಅದು 289 ಮತ್ತು 88. ಹೊರಗೆ ದುಡಿಯುವವರು, ದುಡಿಯದವರು ಎಲ್ಲ ಸೇರಿದ ಲೆಕ್ಕವಿದು. ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿಲ್ಲ, ಅದು ಬೇರೆ.

ನಿಮಿಷಗಳಲ್ಲಿ ಹಿಡಿಯಲಾಗದ್ದು ನೆನಪಿನ ಹೊರೆ. ನಾಳೆಯ ದೋಸೆಗೆ ಅಕ್ಕಿ ನೆನೆಹಾಕಬೇಕು, ಶಾಲೆಗೆ ಬಣ್ಣದ ಕಾಗದ ಕಳಿಸಬೇಕು, ಅತ್ತೆಯ ಬಿಪಿ ಮಾತ್ರೆ ಮುಗಿಯುತ್ತಿದೆ. ಮೀಟಿಂಗಿನಲ್ಲಿ ಕೂತಿರುವಾಗಲೂ ಇದೆಲ್ಲ ಒಳಗೆ ಓಡುತ್ತಿರುತ್ತದೆ. "ಏನು ಮಾಡ್ಲಿ, ಹೇಳು" ಎಂದು ಪ್ರೀತಿಯಿಂದ ಕೇಳುವ ಗಂಡನೂ ಆ ಹೊರೆಯನ್ನು ಅವಳಲ್ಲೇ ಬಿಟ್ಟಿರುತ್ತಾನೆ.

ಇದರ ಮೇಲೆ, ಎಲ್ಲವೂ ಚೊಕ್ಕವಾಗಿರಬೇಕೆಂಬ ಹಟ. ಈ ಹಟ ಅವಳೊಬ್ಬಳ ಸ್ವಭಾವವೆಂದು ನಾನು ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಪಾಲ್ ಹ್ಯೂಯಿಟ್ ಮತ್ತು ಗೋರ್ಡನ್ ಫ್ಲೆಟ್ 1991ರಲ್ಲಿ ಪರಿಪೂರ್ಣತೆಯ ಹಂಬಲವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಒಂದು, ತಪ್ಪಿಲ್ಲದೆ ಇರಬೇಕೆಂದು ಸುತ್ತಲಿನವರು ತನ್ನಿಂದ ಬಯಸುತ್ತಿದ್ದಾರೆಂಬ ನಂಬಿಕೆ. ನಮ್ಮ ಮನೆಗಳಲ್ಲಿ ಆ ನಂಬಿಕೆಗೆ ಆಧಾರವಿಲ್ಲವೆ? "ಮಗು ಸೊರಗಿದೆ, ನೀನು ಆಫೀಸಿಗೆ ಹೋಗ್ತೀಯಲ್ಲ" ಎಂಬ ಮಾತು ತಂದೆಯ ಕಿವಿಗೆ ಎಂದಾದರೂ ಬಿದ್ದಿದೆಯೆ?

ಲಂಡನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1953ರ ಲೇಖನವೊಂದರಲ್ಲಿ ಸಾಕಷ್ಟು ಒಳ್ಳೆಯ ತಾಯಿಯ ಬಗ್ಗೆ ಬರೆದರು. ಹಸುಗೂಸಿಗೆ ಅವಳು ಮೊದಮೊದಲು ಸಂಪೂರ್ಣವೆಂಬಷ್ಟು ಒದಗುತ್ತಾಳೆ. ಮಗುವಿಗೆ ಕೊರತೆ ತಾಳುವ ಶಕ್ತಿ ಬಂದಂತೆ ಸ್ವಲ್ಪ ಸ್ವಲ್ಪವೇ ಕಡಿಮೆ ಒದಗುತ್ತಾಳೆ. ಮಗು ಹೊರಗಿನ ಲೋಕವನ್ನು ಅರಿಯುವುದು ಆ ಕೊರತೆಯ ದಾರಿಯಲ್ಲೇ. ತಾಯಂದಿರಿಗೆ ಇದನ್ನು ಯಾರೂ ಹೇಳುವುದಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಹಾಗಾಗಿ ಸ್ವಲ್ಪ ಕೊರತೆ ಇರಲಿ. ಹಬ್ಬದ ಹೋಳಿಗೆ ಅಂಗಡಿಯಿಂದ ಬರಲಿ. ಕೆಲಸ ಹಂಚುವುದಾದರೆ ಇಡಿಯಾಗಿ ಹಂಚಿ. ಲಸಿಕೆ ಅಪ್ಪನ ಪಾಲಿಗೆ ಬಂದರೆ ತಾರೀಖು ನೆನಪಿಡುವುದು, ಲಸಿಕೆಯ ಕಾರ್ಡ್ ಹುಡುಕುವುದು, ಆ ರಾತ್ರಿಯ ಜ್ವರ ನೋಡುವುದು, ಎಲ್ಲವೂ ಅವರದೇ. ಅವರು ಹೆಣೆದ ಜಡೆ ಸೊಟ್ಟಗಿದ್ದರೆ ಮಗಳು ಸೊಟ್ಟ ಜಡೆಯಲ್ಲೇ ಶಾಲೆಗೆ ಹೋಗಲಿ. ನೀವು ಬಿಚ್ಚಿ ಮತ್ತೆ ಹೆಣೆದ ದಿನ ಆ ಕೆಲಸ ನಿಮ್ಮ ಕೈಗೇ ವಾಪಸಾಯಿತು. ನಿದ್ದೆ ಬಾರದೆ, ಅಳು ನಿಲ್ಲದೆ ದಿನಗಳು ಕಳೆಯುತ್ತಿದ್ದರೆ ಮಾತ್ರ ಇದಿಷ್ಟೇ ಸಾಲದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹಂಚಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ ತಾಯಂದಿರೂ ಇದ್ದಾರೆ. ಅವರಿಗೆ ಬೇಕಾದದ್ದು ವ್ಯವಸ್ಥೆ. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವಿನ ಬಳಿ ಹೋಗಿಬರಬಹುದು ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ನಿಮ್ಮ ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ಅದು ಎಲ್ಲಿದೆ ಎಂದು ನಾಳೆಯೇ ಕೇಳಿ. ಇಲ್ಲಿ ಕೂತಿರುವ ಅಪ್ಪಂದಿರೇ, ಮೊದಲು ನೀವು ಕೇಳಿ.