ಬಿಸಿಲು ಎಲ್ಲರದು, ಬೆಳಕು ಯಾರದು?

(ತುಮಕೂರಿನ ಗಿರಣಿ ಕೆಲಸಗಾರರು ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ದಿನವಿಡೀ ದುಡಿದು ದಣಿದು ಬಂದಿದ್ದೀರಿ. ಪೀಠಿಕೆ ಬೆಳೆಸುವುದಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇವೆ.

ಕಳೆದ ವಾರ ಒಂದು ಅಕ್ಕಿ ಗಿರಣಿಯ ಕೆಲಸಗಾರರು ನಾಲ್ಕೈದು ಜನ ನಮ್ಮ ಕಚೇರಿಗೆ ಬಂದಿದ್ದರು. ಅವರ ಗಿರಣಿಯ ಮಾಡಿನ ಮೇಲೆ ಸೋಲಾರ್ ಫಲಕಗಳನ್ನು ಹಾಕಿ ಒಂದು ವರ್ಷವಾಯಿತಂತೆ. ಅವರಲ್ಲೊಬ್ಬರು ಕೇಳಿದರು: "ಧಣಿಗಳ ಕರೆಂಟ್ ಬಿಲ್ಲು ಅರ್ಧಕ್ಕಿಳಿಯಿತು. ನಮಗೇನು ಬಂತು?" ಪಕ್ಕದಲ್ಲಿದ್ದವರು ನಕ್ಕು ಹೇಳಿದರು: "ಬಾರದೆ ಏನು? ಮಾಡು ಮೊದಲಿಗಿಂತ ತಂಪಾಗಿದೆಯಲ್ಲ!" ಎಲ್ಲರೂ ನಕ್ಕೆವು. ಆದರೆ ಅವರು ಎದ್ದು ಹೋದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಇಂದಿನ ನಮ್ಮ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಬಿಸಿಲಿನಿಂದ, ಗಾಳಿಯಿಂದ, ಸಗಣಿಯಿಂದ, ಹೊಟ್ಟಿನಿಂದ ವಿದ್ಯುತ್ತು ತೆಗೆಯುವುದಕ್ಕೆ ನಾವು ವಿರೋಧಿಗಳಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಕಲ್ಲಿದ್ದಲು ಹೊರರಾಜ್ಯದಿಂದ ರೈಲಿನಲ್ಲಿ ಬರಬೇಕು. ಬೂದಿ ಮಾತ್ರ ಸುತ್ತಣ ಹಳ್ಳಿಗಳ ಪಾಲಿಗೆ ಉಳಿಯುತ್ತದೆ. ಹೊಳೆಯ ನೀರನ್ನು ನಂಬೋಣವೆಂದರೆ, ಮಳೆ ಕೈಕೊಟ್ಟ 2023ರಲ್ಲಿ ಲೋಡ್ ಶೆಡ್ಡಿಂಗ್ ಎಷ್ಟು ಕಾಡಿತೆಂಬುದು ಈ ಸಭೆಯಲ್ಲಿರುವ ಹಿಟ್ಟಿನ ಗಿರಣಿಯವರಿಗೂ ವೆಲ್ಡಿಂಗ್ ಅಂಗಡಿಯವರಿಗೂ ಚೆನ್ನಾಗಿ ಗೊತ್ತು. ಆದಕಾರಣ ಬದಲಾವಣೆ ಬರಲೇಬೇಕು, ಬರುತ್ತಲೂ ಇದೆ. ಆ ಬದಲಾವಣೆ ಯಾರ ಕೈಯಿಂದ ಆಗುತ್ತದೆ, ಯಾರ ಮನೆಗೆ ಲಾಭವಾಗಿ ಬರುತ್ತದೆ ಎಂಬುದೇ ಇಂದಿನ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಎಲ್ಲಿಗೆ? ಬ್ರಿಟಿಷ್ ಕಂಪನಿಗಳು ಚಿನ್ನ ತೆಗೆಯುತ್ತಿದ್ದ ಕೋಲಾರದ ಗಣಿಗಳಿಗೆ. ಮೂರು ವರ್ಷದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ಹಾದುಹೋದ ದಾರಿಯ ಹಳ್ಳಿಗಳವರು ತಲೆಯೆತ್ತಿ ತಂತಿಯನ್ನು ನೋಡಿ, ತಲೆತಗ್ಗಿಸಿ ಬುಡ್ಡಿದೀಪ ಹಚ್ಚಿಕೊಂಡರು. ಇನ್ನು 1964ರಲ್ಲಿ ಮುಗಿದ ಲಿಂಗನಮಕ್ಕಿಯ ಕಥೆ. ನಾಡಿಗೆಲ್ಲ ಬೆಳಕು ಕೊಟ್ಟ ಆ ಅಣೆಕಟ್ಟು ಶರಾವತಿ ಕಣಿವೆಯ ರೈತರ ಮನೆ ಮಠ, ಗದ್ದೆ ತೋಟಗಳನ್ನು ಮುಳುಗಿಸಿತು. ಮುಳುಗಡೆಯ ಜನರ ಮಕ್ಕಳು ಮೊಮ್ಮಕ್ಕಳು ಅರವತ್ತು ವರ್ಷ ಕಳೆದರೂ ಭೂಮಿಯ ಹಕ್ಕಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. ನೀರು ಹೊಗೆ ಉಗುಳುವುದಿಲ್ಲ ನಿಜ, ಆದರೆ ನ್ಯಾಯ ತಾನಾಗಿ ನೀರಿನ ಜೊತೆ ಹರಿದು ಬರುವುದೂ ಇಲ್ಲ. ಬಿಸಿಲಿನ ಮಾತೂ ಅಷ್ಟೆ.

ದೂರದ ಮಾತು ಸಾಕು. ನಮ್ಮ ತುಮಕೂರು ಜಿಲ್ಲೆಯದೇ ಎರಡು ಕಡೆಯ ಕಥೆ ಹೇಳುತ್ತೇವೆ. ಒಂದು ಪಾವಗಡದ್ದು, ಇನ್ನೊಂದು ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯದು.

ಪಾವಗಡ ಬರಕ್ಕೆ ಹೆಸರಾದ ಸೀಮೆ. ಅಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಸೋಲಾರ್ ಪಾರ್ಕು ಎದ್ದಿದೆ. 2018ರಲ್ಲಿ ಮೊದಲ ಹಂತ ಆರಂಭವಾಗಿ, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ಣಗೊಂಡಿತು. ಸರ್ಕಾರ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು, ಅದನ್ನು ಒಪ್ಪಬೇಕು. ಜಮೀನನ್ನು ಕಿತ್ತುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಆರಂಭಿಸಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಸುವ ಕರಾರು. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ರೈತನಿಗೆ ಇದು ಸಣ್ಣ ಮಾತಲ್ಲ. ಹಲವರು ಸಾಲ ತೀರಿಸಿದರು, ಮನೆ ಕಟ್ಟಿದರು.

ಆದರೆ ನಾವು ಲೆಕ್ಕ ಬಲ್ಲ ಜನ. ವ್ಯಾಪಾರಿ ಬಂಧುಗಳು ಮನಸ್ಸಿನಲ್ಲಿಯೇ ಕೂಡಿ ಕಳೆಯಲಿ. ಎಕರೆಗೆ ಸುಮಾರು 150 ಕಿಲೊವ್ಯಾಟ್ ಫಲಕ. ಕಿಲೊವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಎಂದು ಹಿಡಿದರೆ ದಿನಕ್ಕೆ 600 ಯೂನಿಟ್, ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲೆ. ಆ 21,000 ರೂಪಾಯಿಯನ್ನು ಅಷ್ಟು ಯೂನಿಟ್ಟಿಗೆ ಹಂಚಿ ನೋಡಿ. ಯೂನಿಟ್ಟಿಗೆ ಹತ್ತು ಪೈಸೆ! ಫಲಕದ ಬಂಡವಾಳ ಕಂಪನಿಯದು, ಸಾಲದ ಬಡ್ಡಿ ಕಂಪನಿಯದು, ಒಪ್ಪೋಣ. ಆದರೂ ಭೂಮಿಯ ಪಾಲು ಹತ್ತು ಪೈಸೆ ಎಂಬುದನ್ನು ನೆನಪಿನಲ್ಲಿಡೋಣ.

ಆ ಹತ್ತು ಪೈಸೆಯಾದರೂ ಯಾರಿಗೆ? ಪಹಣಿಯಲ್ಲಿ ಹೆಸರಿದ್ದವರಿಗೆ. ಅವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಭೂಹೀನ ಕೂಲಿಗೆ ಗುತ್ತಿಗೆಯ ಪತ್ರದಲ್ಲಿ ಜಾಗವಿಲ್ಲ. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಬೇಲಿಯೊಳಗೆ ಸಿಕ್ಕ ಕೆಲಸ ಕೆಲವರಿಗೆ ಕಾವಲು, ಕೆಲವರಿಗೆ ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು. ಹೊಲದಲ್ಲಿ ನೂರು ಕೈಗೆ ಇದ್ದ ಕೆಲಸ ಅಲ್ಲಿ ನೂರು ಕೈಗೆ ಸಿಕ್ಕುವಂಥದ್ದಲ್ಲ. ಎಕರೆ ಇದ್ದವನು ಬಾಡಿಗೆದಾರನನ್ನು ಪಡೆದ, ಏನೂ ಇಲ್ಲದವನು ಬೆಂಗಳೂರಿನ ಬಸ್ಸು ಹತ್ತಿದ. ಬಿಸಿಲು ಇಬ್ಬರ ತಲೆಯ ಮೇಲೂ ಒಂದೇ ಸಮ ಬಿದ್ದಿತ್ತಲ್ಲವೆ?

ಈಗ ಪುರದ ಕಥೆ. ಆಗ ನೂರು ಮನೆಯೂ ಇಲ್ಲದಿದ್ದ ಊರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ಹಳ್ಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ಒಂದು ತಂಡ ಕಟ್ಟಿದರು. ಹೊಗೆಯಿಲ್ಲದ ಅಸ್ತ್ರ ಒಲೆಯನ್ನು ನಮ್ಮ ತಾಯಂದಿರು ಬಲ್ಲರು, ಅದು ಈ ತಂಡದ್ದೇ. ಅವರು ಪುರದಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಿದರು. ಮೊದಲು ಅಡಿಗೆಗೆ ಅನಿಲ ಕೊಡಲು ಹೋಗಿ ಸೋತರು, ಊರಿನ ದನಗಳ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಸೋತಾಗ ಅವರು ಊರಿನವರನ್ನು ಬೈಯಲಿಲ್ಲ, ಅವರ ಅಗತ್ಯವನ್ನು ಕೇಳಿ ತಿಳಿದರು. ಹೆಂಗಸರಿಗೆ ಬೇಕಾಗಿದ್ದದ್ದು ಮೊದಲು ಕುಡಿಯುವ ನೀರು. 1987ರಿಂದ ಆ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆ ಬಾವಿಯ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ತೂಕಕ್ಕೆ ತಕ್ಕ ಕಾಸು ಸಿಕ್ಕಿತು, ಗೊಬ್ಬರ ಮರಳಿ ಅವರ ಹೊಲಕ್ಕೆ ಹೋಯಿತು. ಯಂತ್ರ ನಡೆಸಿದವರು ಊರಿನ ಹುಡುಗರೇ, ಲೆಕ್ಕ ನೋಡಿದ್ದು ಊರಿನ ಸಮಿತಿಯೇ.

ಆ ಸ್ಥಾವರ ವರ್ಷಗಳ ಕಾಲ ನಡೆದು ಮುಂದೆ ನಿಂತುಹೋಯಿತು. ಅದನ್ನು ಮುಚ್ಚಿಡುವುದಿಲ್ಲ. ಸಣ್ಣದೆಲ್ಲ ಸುಂದರ ಎಂದು ಹಾಡಲು ನಾವು ಇಲ್ಲಿಗೆ ಬಂದಿಲ್ಲ. ಆದರೆ ಪಾವಗಡದ 2,050 ಮೆಗಾವ್ಯಾಟಿನಲ್ಲಿ ಊರು ಕಲಿಯದ ಒಂದು ಪಾಠವನ್ನು ಪುರದ ಪುಟ್ಟ ಎಂಜಿನ್ ಕಲಿಸಿತು: ದೀಪದ ಒಡೆತನ ಊರಿನದಾದರೆ, ಭೂಮಿಯಿಲ್ಲದವನಿಗೂ ಅದರ ಪಾಲು ಸಿಗುತ್ತದೆ.

ಹಾಗಾದರೆ ಜನರ ಒಡೆತನ ದೊಡ್ಡ ಪ್ರಮಾಣದಲ್ಲಿ ಸಾಧ್ಯವೆ? ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ನಾವು ಇಲ್ಲಿ ಬೆಸ್ಕಾಂಗೆ ಬಿಲ್ಲು ಕಟ್ಟುವಂತೆ ಅಲ್ಲಿಯವರು ತಮ್ಮದೇ ಸಂಘಕ್ಕೆ ಕಟ್ಟುತ್ತ ಬಂದಿದ್ದಾರೆ. ಬಳಕೆದಾರನೇ ಸದಸ್ಯ, ಸದಸ್ಯನಿಗೆ ಮತ. ಗುಜರಾತಿನ ಢುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ಆರು ಜನ ರೈತರು ಸೋಲಾರ್ ಪಂಪುಗಳ ಸಹಕಾರ ಸಂಘ ಕಟ್ಟಿದರು. ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಸಂಘದ ಮೂಲಕ ವಿದ್ಯುತ್ ಕಂಪನಿಗೆ ಮಾರಿದರು. ಇದರ ಗುಟ್ಟು ನೋಡಿ: ಪಂಪು ನಿಲ್ಲಿಸಿದರೂ ಕಾಸು ಬರುವಾಗ, ರೈತ ಅಂತರ್ಜಲವನ್ನು ಸುಮ್ಮನೆ ಚೆಲ್ಲುವುದಿಲ್ಲ. ಕೊಳವೆ ಬಾವಿ ಪಾತಾಳಕ್ಕಿಳಿದಿರುವ ನಮ್ಮ ಜಿಲ್ಲೆಗೆ ಇದಕ್ಕಿಂತ ಬೇಕಾದ ಪಾಠ ಯಾವುದು?

ಸೋತ ಸಂಘವೂ ಉಂಟು. ಮಹಾರಾಷ್ಟ್ರದ ಮುಳಾ-ಪ್ರವರಾ ವಿದ್ಯುತ್ ಸಹಕಾರ ಸಂಘ ಬಾಕಿಯ ಹೊರೆಯಲ್ಲಿ ಸಿಕ್ಕಿ 2011ರಲ್ಲಿ ಕೈಬಿಟ್ಟುಹೋಯಿತು. ಸಹಕಾರ ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ಪುಣ್ಯ ಬರುವುದಿಲ್ಲ. ವಸೂಲಿ ನೆಟ್ಟಗಿರಬೇಕು, ಲೆಕ್ಕ ಬಯಲಲ್ಲಿರಬೇಕು, ಸದಸ್ಯರು ವಾರ್ಷಿಕ ಸಭೆಗೆ ಕಾಫಿಗಾಗಿ ಅಲ್ಲ, ಪ್ರಶ್ನೆ ಕೇಳಲು ಬರಬೇಕು.

ಈಗ ನಮ್ಮ ಮನೆಗೆ ಬರೋಣ. 2024ರಲ್ಲಿ ಕೇಂದ್ರ ಸರ್ಕಾರ ಒಂದು ಕೋಟಿ ಮನೆಗಳ ಮಾಡಿಗೆ ಸೋಲಾರ್ ಎಂದು ಸೂರ್ಯ ಘರ್ ಯೋಜನೆ ಸಾರಿತು. ಮೂರು ಕಿಲೊವ್ಯಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿತು. ಒಳ್ಳೆಯದು. ಆದರೆ ಮೂರು ಕಿಲೊವ್ಯಾಟಿಗೆ ಸುಮಾರು ಮುನ್ನೂರು ಚದರಡಿ ಮಾಡು ಬೇಕು, ಅದೂ ಸ್ವಂತದ್ದು. ವಠಾರದ ಬಾಡಿಗೆ ಕೋಣೆಯಲ್ಲಿರುವ ಹಮಾಲಿಗೆ ಯಾವ ಮಾಡು? ಮಳಿಗೆ ಬಾಡಿಗೆಗೆ ಹಿಡಿದ ದರ್ಜಿಗೆ ಯಾವ ಮಾಡು? ಸೂರಿಲ್ಲದವನಿಗೆ ಸೂರ್ಯನೂ ಇಲ್ಲ ಎಂದಾಯಿತಲ್ಲ!

"ಮನೆಗೆ 200 ಯೂನಿಟ್‌ವರೆಗೆ ಪುಕ್ಕಟೆ ಸಿಗುತ್ತದೆ, ಇದೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. 2023ರಲ್ಲಿ ರಾಜ್ಯ ಸರ್ಕಾರ ತಂದ ಗೃಹಜ್ಯೋತಿ ಬಡವರ ಮನೆಗೆ ಉಸಿರು ಕೊಟ್ಟಿದೆ, ಅದನ್ನು ಹೀಗಳೆಯುವುದಿಲ್ಲ. ಆದರೆ ಅದು ಮನೆಗೆ ಮಾತ್ರ. ಅಂಗಡಿಗಿಲ್ಲ, ಹಿಟ್ಟಿನ ಗಿರಣಿಗಿಲ್ಲ, ಒಂದು ಹೊಲಿಗೆ ಮೆಷಿನ್ನಿನ ಮಳಿಗೆಗಿಲ್ಲ. ಸರ್ಕಾರ ಕೊಟ್ಟದ್ದನ್ನು ಸರ್ಕಾರ ಹಿಂತೆಗೆದುಕೊಳ್ಳಲೂಬಹುದು. ನಮ್ಮ ಸ್ವಂತ ಪಾಲನ್ನು ಕಸಿಯುವುದು ಅಷ್ಟು ಸುಲಭವಲ್ಲ.

ಡಾಕ್ಟರ್ ಲೋಹಿಯಾ ಅವರು ಸಣ್ಣ ಯಂತ್ರದ ಮಾತನ್ನು ಆಡಿದಾಗ ಹಲವರು ನಕ್ಕರು. ಸಣ್ಣ ಯಂತ್ರಕ್ಕೆ ಶಕ್ತಿ ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಆ ಶಕ್ತಿ ಈಗ ಮಾಡಿನ ಮೇಲೆಯೇ ಬಂದು ಕೂತಿದೆ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಉಳುವ ಭೂಮಿಯ ಹಕ್ಕು ಕೇಳಿದರು. ಇಂದು ನಾವು ಕೇಳಬೇಕಾದದ್ದು ಬೆಳಕಿನ ಹಕ್ಕು.

ಏನು ಮಾಡಬೇಕು? ನಾಲ್ಕು ಮಾತು ಹೇಳುತ್ತೇವೆ.

ಒಂದು, ಮಾರುಕಟ್ಟೆ ಅಂಗಳದ ಗೋದಾಮು, ಶಾಲೆ, ಬಸ್ ನಿಲ್ದಾಣಗಳ ಸಾರ್ವಜನಿಕ ಮಾಡುಗಳನ್ನು ಕಂಪನಿಗಳಿಗಿಂತ ಮೊದಲು ಕೆಲಸಗಾರರ ಮತ್ತು ವ್ಯಾಪಾರಿಗಳ ಸಹಕಾರ ಸಂಘಕ್ಕೆ ಕೊಡಬೇಕು. ಅಲ್ಲಿ ಹುಟ್ಟಿದ ಯೂನಿಟ್ಟುಗಳನ್ನು ಸದಸ್ಯರ ಬಿಲ್ಲುಗಳಲ್ಲಿ ಹಂಚಿ ಕಳೆಯಬೇಕು.

ಎರಡು, ಗಿರಣಿಯ ಮಾಡಿನ ಮೇಲೆ ಉಳಿದ ಹಣದಲ್ಲಿ ಕೆಲಸಗಾರರಿಗೆ ಪಾಲು ಬೇಕು. ಮುಂದಿನ ಕೂಲಿ ಒಪ್ಪಂದದ ಮಾತುಕತೆಗೆ ಹೋಗುವಾಗ ನಮ್ಮ ಪ್ರತಿನಿಧಿಗಳು ಗಿರಣಿಯ ಹಳೆಯ ಮತ್ತು ಹೊಸ ವಿದ್ಯುತ್ ಬಿಲ್ಲನ್ನು ಮೇಜಿನ ಮೇಲಿಡಿ ಎಂದು ಕೇಳಲಿ.

ಮೂರು, ಪಾವಗಡದಂಥ ಕಡೆ ಉತ್ಪತ್ತಿಯಾದ ಪ್ರತಿ ಯೂನಿಟ್ಟಿನ ಮೇಲೆ ಒಂದು ಪಾಲು ಪಂಚಾಯಿತಿಗೆ ಸಲ್ಲಬೇಕು. ಅದರ ಮೊದಲ ಹಕ್ಕು ಭೂಹೀನರದು.

ನಾಲ್ಕು, ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು, ಬೂದಿಯ ನಡುವೆ ದುಡಿಯುವ ಗುತ್ತಿಗೆ ಕೆಲಸಗಾರರನ್ನು ನಾವು ಮರೆಯಬಾರದು. ನಾಳೆ ಅಲ್ಲಿಯ ಬಾಯ್ಲರು ಆರಿದರೆ ಅವರ ಒಲೆಯೂ ಆರಬಾರದು. ಹೊಸ ಕೆಲಸ, ಹೊಸ ತರಬೇತಿ, ಹಳೆಯ ಕೂಲಿಗೆ ಕಡಮೆಯಾಗದ ಕೂಲಿ, ಇಷ್ಟೂ ಬಾಯ್ಲರು ಆರುವ ಮೊದಲೇ ಆಗಬೇಕು. ಅವರ ಹೊಟ್ಟೆಯ ಮೇಲೆ ಹೊಡೆದು ಬರುವ ಬೆಳಕು ನಮಗೆ ಬೇಡ.

ಮಿತ್ರರೆ, ಹೊತ್ತಾಯಿತು. ಮುಂದಿನ ಭಾನುವಾರ ಸಂಜೆ ಇದೇ ಜಾಗದಲ್ಲಿ ಮತ್ತೆ ಸೇರೋಣ. ಬರುವಾಗ ಅಂಗಡಿಯವರು ಮೂರು ತಿಂಗಳ ಕರೆಂಟ್ ಬಿಲ್ಲನ್ನು ತನ್ನಿ, ಗಿರಣಿಯವರು ನಿಮ್ಮ ಗಿರಣಿಯ ಮಾಡು ಎಷ್ಟು ಉದ್ದ ಎಷ್ಟು ಅಗಲ ಎಂದು ಹೆಜ್ಜೆಯಲ್ಲಿ ಅಳೆದುಕೊಂಡು ಬನ್ನಿ. ಕೂಡಿ ಕಳೆದು, ನಮ್ಮ ಸಂಘಕ್ಕೆ ಮೊದಲ ಹೆಸರುಗಳನ್ನು ಬರೆದುಕೊಳ್ಳೋಣ. "ನಮಗೇನು ಬಂತು" ಎಂದು ಕೇಳಿದ ಆ ಸಂಗಾತಿ ಇಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಹೆಸರನ್ನೇ ಮೊದಲು ಬರೆಯೋಣ.